ಅತ್ತೆಯ ಕೊಳವೆ, ಮೊದಲ ಕೊಳಗ

ನಾನು ಮದ್ದೂರಿನವಳು ಎಂದ ಮಾತ್ರಕ್ಕೆ ವಡೆ ತಟ್ಟುವುದರಲ್ಲಿ ನಿಸ್ಸೀಮಳಾಗಿರಬೇಕು ಎಂದು ಕೆರಗೋಡಿನ ನನ್ನ ಅತ್ತೆ ನಂಬಿದ್ದರು. ಮದುವೆಯಾಗಿ ಬಂದ ಮೊದಲ ವಾರವೇ ರವೆ, ಈರುಳ್ಳಿ ಮುಂದಿಟ್ಟು, "ಎಲ್ಲಿ, ನಿಮ್ಮೂರ್ ವಡೆ ಮಾಡಮ್ಮಿ, ನೋಡಾವ" ಎಂದರು. ನಾನು ಕರಿದಿದ್ದನ್ನು ಮಾವ ಎರಡು ಕೈಯಲ್ಲಿ ಹಿಡಿದು ಮುರಿಯಬೇಕಾಯಿತು. ಅತ್ತೆ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, "ಮೇಷ್ಟ್ರ ಮಗಳು ಅಂತ ಒಪ್ಕೋತೀನಿ. ಮದ್ದೂರೋಳು ಅಂತ ಒಪ್ಪಾಕಿಲ್ಲ" ಎಂದು ತೀರ್ಪು ಕೊಟ್ಟರು. ಅಲ್ಲಿಂದ ನಮ್ಮಿಬ್ಬರಿಗೂ ಸಲಿಗೆ ಬೆಳೆಯಿತು. ಅವರು ನನ್ನನ್ನು ಆಡಿಕೊಳ್ಳುವುದು, ನಾನು ಅವರನ್ನು ಆಡಿಕೊಳ್ಳುವುದು, ಮಾವ ನಡುವೆ ಕೂತು ಎಲೆಅಡಿಕೆ ಹಾಕಿಕೊಳ್ಳುವುದು. ಹೀಗೆ ನಮ್ಮ ಸಂಸಾರ ನಡೆಯುತ್ತಿತ್ತು.

ಅತ್ತೆಗೆ ಗೂರಲು ಇತ್ತು. ಉಬ್ಬಸ ಎಂದು ಬರೆಯಬಹುದು, ಆದರೆ ನಮ್ಮ ಕಡೆ ಅದರ ಹೆಸರು ಗೂರಲು. ಹೆಸರಿನಲ್ಲೇ ಅದರ ಸದ್ದಿದೆ. ಮಳೆಗಾಲ ಕಳೆದು ಭತ್ತ ಬಲಿಯುವ ತನಕ ಅವರಷ್ಟು ಗಟ್ಟಿ ಹೆಂಗಸು ಆ ಬೀದಿಯಲ್ಲಿರಲಿಲ್ಲ. ಯಾರೋ ಗದ್ದೆಯಲ್ಲಿ ಕಬ್ಬಿನ ಗರಿಗೆ ಬೆಂಕಿ ಹಾಕಿದರು, ಕಣದಲ್ಲಿ ಭತ್ತ ತೂರಿದರು ಎಂದರೆ ಮುಗಿಯಿತು. ಎದೆಯೊಳಗೆ ಬೆಕ್ಕಿನ ಮರಿ ಸೇರಿಕೊಂಡ ಹಾಗೆ ಕುಯ್ಯ್ ಎಂಬ ಸದ್ದು. ಕೈಗಳನ್ನು ಮಂಡಿಯ ಮೇಲೆ ಊರಿ, ಕತ್ತು ಮುಂದಕ್ಕೆ ಚಾಚಿ ಕೂತುಬಿಡುತ್ತಿದ್ದರು. ಆಗ ಅವರಿಗೆ ಬೈಯುವಷ್ಟೂ ಉಸಿರಿರುತ್ತಿರಲಿಲ್ಲ. ಅತ್ತೆ ಬೈಯುತ್ತಿಲ್ಲ ಎಂದರೆ ಮನೆಯವರಿಗೆಲ್ಲ ದಿಗಿಲು.

ಮಾಡದ ಮದ್ದಿಲ್ಲ. ಆಡುಸೋಗೆ ಕಷಾಯ ಆಗಿತ್ತು, ಎದೆಗೆ ಬಿಸಿ ಎಣ್ಣೆ ಆಗಿತ್ತು. ಮಂಡ್ಯದಲ್ಲಿ ಕೊಟ್ಟ ಒಂದು ಬಿಳಿ ಮಾತ್ರೆ ನುಂಗಿದರೆ ಉಸಿರೇನೋ ಸಡಿಲವಾಗುತ್ತಿತ್ತು, ಆದರೆ ಕೈ ಗಡಗಡ ನಡುಗಿ ಒಗ್ಗರಣೆ ಸೌಟು ನೆಲಕ್ಕೆ ಬೀಳುತ್ತಿತ್ತು. ತೀರಾ ಮೀರಿದರೆ ನರಕ್ಕೆ ನಿಧಾನವಾಗಿ ಏರಿಸುವ ಇಂಜೆಕ್ಷನ್. ಇವೆಲ್ಲ ಬಂದ ರೋಗವನ್ನು ಓಡಿಸುವ ಉಪಾಯಗಳು. ರೋಗ ಬರದ ಹಾಗೆ ಮೊದಲೇ ತಡೆಯುವ ಔಷಧಿಯೊಂದು ಇರಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಬಾರದ ನೆಂಟರಿಗೆ ಯಾರು ಅಡಿಗೆ ಮಾಡುತ್ತಾರೆ?

ಅತ್ತೆಗೆ ಉಸಿರಿಗಿಂತ ಹೆಚ್ಚಿನ ಚಿಂತೆ ಒಂದಿತ್ತು. ಅದು ಕಣದ ಚಿಂತೆ. ಮಾವನದೂ ಅವರ ತಮ್ಮನದೂ ಮನೆ ಬೇರೆಯಾಗಿದ್ದರೂ ನಡುವಿನ ಗೋಡೆ ಒಂದೇ, ಭತ್ತ ಬಡಿಯುವ ಕಣವೂ ಒಂದೇ. ಒಕ್ಕಣೆ ಮುಗಿದು ರಾಶಿ ನಿಂತ ಸಂಜೆ, ರಾಶಿಗೆ ಪೂಜೆ ಮಾಡಿ ಮೊದಲ ಕೊಳಗ ಅಳೆಯುವುದು ಬೇರೆ ಮನೆಗಳಲ್ಲಿ ಗಂಡಸರ ಕೆಲಸ. ನಮ್ಮ ಮನೆಯಲ್ಲಿ ಮಾತ್ರ ಹಿರೀ ಹೆಂಗಸಿನದು. ಹಿಂದೆ ಯಾವಳೋ ಒಬ್ಬ ಅಜ್ಜಿ ಗಂಡ ಸತ್ತ ಮೇಲೆ ಒಬ್ಬಳೇ ನೇಗಿಲು ಕಟ್ಟಿ ಬೆಳೆದು ತಾನೇ ಅಳೆದಳಂತೆ. ಅವತ್ತಿನಿಂದ ಕೊಳಗ ಹೆಂಗಸರ ಕೈಯಲ್ಲಿ ಉಳಿಯಿತು. ಅತ್ತೆ ಆ ಕತೆಯನ್ನು ಹೇಳುವಾಗ ಆ ಅಜ್ಜಿ ತಾವೇ ಎನ್ನುವ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಪೂಜೆ ಶುರುವಾದಾಗಿನಿಂದ ಮೊದಲ ಕೊಳಗ ಚೀಲಕ್ಕೆ ಬೀಳುವ ತನಕ ಕಣದಲ್ಲಿ ಯಾರೂ ಮಾತಾಡಬಾರದು. ಕೆಮ್ಮಬಾರದು, ಸೀನಬಾರದು. ಅಳೆಯುವವಳು ಮಾತ್ರ ಬಾಯಿ ಬಿಡಬೇಕು, ಅದೂ ಒಂದೇ ಮಾತಿಗೆ. "ಒಂದು" ಎನ್ನುವಂತಿಲ್ಲ, "ಲಾಭ" ಎನ್ನಬೇಕು. ಅದಾದ ಮೇಲೆ ಗಂಡಸರು ಎರಡು, ಮೂರು ಎಂದು ಗದ್ದಲ ಮಾಡಿಕೊಂಡು ಅಳೆದುಕೊಳ್ಳಬಹುದು.

ನಾನು ಬರುವುದಕ್ಕೆ ಮುಂಚಿನ ಒಂದು ಸುಗ್ಗಿಯಲ್ಲಿ, ಕೊಳಗ ಕೈಯಲ್ಲಿರುವಾಗಲೇ ಅತ್ತೆಗೆ ಕೆಮ್ಮು ಒತ್ತರಿಸಿ ಬಂದಿತಂತೆ. ಲಾಭ ಎನ್ನುವುದರ ಬದಲು ಹೊರಬಿದ್ದದ್ದು ಬರೀ ಕೆಮ್ಮು. ಕೊಳಗ ಉರುಳಿತು. ಯಾರೂ ಏನೂ ಅನ್ನಲಿಲ್ಲ. ಆದರೆ ಆ ಬೇಸಿಗೆಯಲ್ಲಿ ಒಂದು ಎತ್ತು ಸತ್ತಿತು, ಸತ್ತದ್ದು ಮೇವು ಹೆಚ್ಚಾಗಿಯೋ ಏನೋ. ಮುಂದಿನ ಸುಗ್ಗಿಗೆ ಅತ್ತೆ ತಾವಾಗಿಯೇ ಕಣಕ್ಕೆ ಹೋಗಲಿಲ್ಲ. ಅವರ ವಾರಗಿತ್ತಿ, ಅಂದರೆ ಮಾವನ ತಮ್ಮನ ಹೆಂಡತಿ, ನನಗೆ ಚಿಕ್ಕತ್ತೆ, ಕೊಳಗ ಹಿಡಿದರು. ನಾನು ಬಂದ ಮೊದಲ ಸುಗ್ಗಿಯಲ್ಲೂ ಅವರೇ. ಅತ್ತೆ ನಡುಮನೆಯ ಕಿಟಕಿ ಹಾಕಿಕೊಂಡು ಕತ್ತಲಲ್ಲಿ ಕೂತಿದ್ದರು. ನಾನು ಪಕ್ಕದಲ್ಲಿದ್ದೆ. ಕಣದ ಕಡೆಯಿಂದ ಚಿಕ್ಕತ್ತೆಯ ದನಿ ಸಣ್ಣಗೆ ಕೇಳಿತು. ಅತ್ತೆ, "ಅವಳ್ ಗಂಟ್ಲು ನೋಡು, ಲಾಬ ಅಂದ್ರೆ ಸಾಲ ಅಂದಂಗದೆ" ಎಂದರು. ಆಡಿದ್ದು ತಮಾಷೆಯೇ, ಆದರೆ ಕಣ್ಣು ಒರೆಸಿಕೊಂಡರು.

ಮುಂದಿನ ವರ್ಷ ಶ್ರಾವಣದಲ್ಲಿ ಚಿಕ್ಕತ್ತೆ ತಮ್ಮ ಮಗನಿಗೆ ಮಳವಳ್ಳಿಯಿಂದ ಹೆಣ್ಣು ತಂದರು. ಒಂದು ದಿನ ಗೋಡೆಯಾಚೆಯಿಂದಲೇ ಅತ್ತೆಗೆ ಕೇಳಿಸುವ ಹಾಗೆ, "ಈ ಸಲ ನಮ್ಮುಡ್ಗೀನೂ ಕಣದ ತಾವ ನಿಲ್ಲುಸ್ಕತೀನಿ ಕಣಕ್ಕ. ಕಲ್ತ್ಕಳ್ಳಿ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಇವತ್ತು ಹೇಳಬಲ್ಲೆ. ಅವತ್ತು ಅತ್ತೆಯ ಮುಖ ನೋಡಿದ್ದರೆ ನೀವೂ ಹಾಗೆ ಹೇಳುತ್ತಿರಲಿಲ್ಲ. ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ರಾತ್ರಿ ಊಟಕ್ಕೆ ಕೂತಾಗ ಮಾವನ ಕಡೆ ನೋಡದೆ ನನಗೆ ಹೇಳಿದರು, "ನಿಮ್ ಮಾವುಂಗೆ ಏಳು. ಈ ಸುಗ್ಗಿಗೆ ನಾನ್ ಕಣಕ್ಕೋಯ್ತೀನಿ. ಸತ್ರೂ ಓಯ್ತೀನಿ." ಮಾವ ಮುದ್ದೆ ಮುರಿಯುತ್ತ, "ಸತ್ತೋರು ಓಗೋದು ಬ್ಯಾರೆ ಕಡೀಕೆ" ಎಂದರು. ಆದರೂ ಮರುದಿನ ನನ್ನ ಯಜಮಾನರನ್ನು ಕರೆದು ಮಂಡ್ಯದಲ್ಲಿ ಒಳ್ಳೆಯ ಡಾಕ್ಟರು ಯಾರಿದ್ದಾರೆ ವಿಚಾರಿಸು ಎಂದರು. ಯಜಮಾನರು ಮಂಡ್ಯದ ಕಚೇರಿಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು.

ಹೀಗೆ ನಾವು ಮೂವರು, ಅತ್ತೆ, ಮಾವ, ನಾನು, ಅವರು ಗೊತ್ತುಮಾಡಿದ ಡಾಕ್ಟರ ಬಾಗಿಲಿಗೆ ಹೋದೆವು. ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಅತ್ತೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, "ಈಗ ಏನೂ ಇಲ್ಲವಲ್ಲಮ್ಮ" ಎಂದರು. ಅತ್ತೆ, "ಈಗಿಲ್ಲ ಕಣಪ್ಪ. ಸುಗ್ಗೀಗೆ ಬತ್ತದೆ" ಎಂದರು, ಮಗಳು ಬಾಣಂತನಕ್ಕೆ ಬರುತ್ತಾಳೆ ಎನ್ನುವ ಹಾಗೆ. ಡಾಕ್ಟರಿಗೆ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಬಹಳ ಜನ ಉಸಿರು ಕಟ್ಟಿದ ಮೇಲೆ ಬರುತ್ತಾರೆ, ನೀವು ಮುಂಚೆಯೇ ಬಂದದ್ದು ಒಳ್ಳೆಯದಾಯಿತು ಎಂದು ಮೇಜಿನ ಖಾನೆಯಿಂದ ಒಂದು ಸಾಮಾನು ತೆಗೆದರು. ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡ ಬಿಳಿ ಪ್ಲಾಸ್ಟಿಕ್ ಕೊಳವೆ. ಒಳಗೆ ಪುಟ್ಟದೊಂದು ಪಂಕ. ಪುಡಿ ತುಂಬಿದ ಗುಳಿಗೆಯನ್ನು ಅದರಲ್ಲಿ ಸಿಕ್ಕಿಸಿ, ಒತ್ತಿ ತೂತು ಮಾಡಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಜೋರಾಗಿ ಉಸಿರೆಳೆದರೆ ಪಂಕ ತಿರುಗಿ ಪುಡಿ ಎದೆಯೊಳಕ್ಕೆ ಹೋಗುತ್ತದೆ. ಖಾಲಿ ಕೊಳವೆಯಲ್ಲಿ ಅವರೇ ಎಳೆದು ತೋರಿಸಿದರು. ಬುರ್ರ್ ಎಂದಿತು.

"ಇದು ನುಂಗೋ ಗುಳಿಗೆ ಅಲ್ಲ. ಉಸಿರು ಕಟ್ಟಿದಾಗ ಎಳೆದುಕೊಂಡರೆ ಪ್ರಯೋಜನವೂ ಇಲ್ಲ. ಚೆನ್ನಾಗಿದ್ದಾಗಲೇ, ದಿನಾ, ಬೆಳಿಗ್ಗೆಯಿಂದ ರಾತ್ರಿವರೆಗೆ ನಾಲ್ಕು ಸಲ. ಇವತ್ತಿಂದಲೇ ಶುರು ಮಾಡಿದರೆ ಸುಗ್ಗಿ ಹೊತ್ತಿಗೆ ಎದೆ ಗಟ್ಟಿಯಾಗಿರುತ್ತೆ" ಎಂದರು.

"ಸಂದಾಗಿದ್ದಾಗ್ಲೇ ಔಸ್ದಿ ತಕಳಾದಾ?" ಅತ್ತೆ ಮಾವನ ಕಡೆ ತಿರುಗಿದರು. "ಇಲ್ದಿರೋ ರೋಗಾನ ಕೂಗಿ ಕರ್ದಂಗಾಗಕಿಲ್ವಾ?"

ಮಾವ ಯೋಚಿಸಿ ಹೇಳಿದರು, "ಎಮ್ಮೆ ಪೈರು ಮೇದೋದ್ ಮೇಲೆ ಬೇಲಿ ಕಟ್ತೀಯೇನಮ್ಮಿ?" ಅತ್ತೆ ಪಥ್ಯ ಏನು ಎಂದು ಕೇಳಿದರು. ಪಥ್ಯ ಏನೂ ಇಲ್ಲ, ಎಲ್ಲ ಊಟ ಮಾಡಿ ಎಂದು ಡಾಕ್ಟರು ಹೇಳಿದ ಕೂಡಲೇ ಆ ಔಷಧಿಯ ಮೇಲಿದ್ದ ಅರ್ಧ ನಂಬಿಕೆ ಹೊರಟುಹೋಯಿತು. ಪಥ್ಯವಿಲ್ಲದ ಮದ್ದನ್ನು ಯಾರು ಕಂಡಿದ್ದಾರೆ? ಮನೆಗೆ ಬಂದವರೇ ಬದನೆಕಾಯಿ, ಹುರುಳಿ, ಮೊಸರು ತಾವಾಗಿಯೇ ಬಿಟ್ಟರು. ನಮಗೂ ಬಿಡಿಸಿದರು.

ಅಲ್ಲೇ ಒಂದು ಸಲ ಎಳೆದು ತೋರಿಸಿ ಎಂದು ಡಾಕ್ಟರು ಎಷ್ಟು ಕೇಳಿದರೂ ಅತ್ತೆ ಒಪ್ಪಿರಲಿಲ್ಲ. ಬಾಗಿಲಲ್ಲಿ ಗಂಡಸರ ಸಾಲಿತ್ತು. "ಇಷ್ಟ್ ಜನದ್ ಮುಂದೆ ಬೀಡಿ ಸೇದೋಳಂಗೆ ಬಾಯ್ಗಿಟ್ಕಳಾಕಾಯ್ತದಾ? ಗೊತ್ತಾಯ್ತು ಬುಡಪ್ಪ, ನಾನೇನ್ ಸಣ್ ಮಗಾನಾ" ಎಂದು ಕೊಳವೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಿದ್ದರು. ನಮ್ಮ ಕಷ್ಟವೆಲ್ಲ ಅಲ್ಲಿಂದಲೇ ಶುರುವಾದದ್ದು.

ಅದೇ ವಾರ ಮದ್ದೂರಿನಿಂದ ನನ್ನ ಅಮ್ಮ ವಿಭೂತಿ ಕಳಿಸಿದಳು. ವೈದ್ಯನಾಥಪುರದ ದೇವರಿಗೆ ಹರಕೆ ಹೊತ್ತು ತಂದದ್ದು. ಅತ್ತೆ ಅದನ್ನು ದೇವರ ಗೂಡಿನಲ್ಲಿಟ್ಟು, ಪಕ್ಕದಲ್ಲೇ ಕೊಳವೆಯನ್ನೂ ಗುಳಿಗೆಯ ಡಬ್ಬಿಯನ್ನೂ ಇಟ್ಟರು. ಎರಡೂ ಗೂರಲಿಗೇ ತಾನೆ. ನನಗೂ ಅದು ಸರಿಯಾಗಿಯೇ ಕಂಡಿತು. ದಿನಕ್ಕೆ ನಾಲ್ಕು ಸಲ ಅತ್ತೆ ದೇವರ ಮನೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವರು. ಈಚೆಗೆ ಬಂದಾಗ ಮೂಗಿನ ಕೆಳಗೆ, ಕೆನ್ನೆಯ ಮೇಲೆ ಬೆಳ್ಳಗೆ. ವಿಭೂತಿ ಧಾರಾಳವಾಗಿ ಬಳಿದುಕೊಳ್ಳುತ್ತಿದ್ದಾರೆ, ಭಕ್ತಿ ಹೆಚ್ಚಾಗಿದೆ ಎಂದುಕೊಂಡೆ. ನಮ್ಮ ಕಡೆ ಗೌಡರ ಹೆಂಗಸರು ಕೆನ್ನೆಗೆ ವಿಭೂತಿ ಬಳಿದುಕೊಂಡದ್ದನ್ನು ನಾನೆಲ್ಲೂ ನೋಡಿರಲಿಲ್ಲ. ಆದರೆ ಅತ್ತೆಯನ್ನು ಕೇಳುವ ಧೈರ್ಯವಿರಲಿಲ್ಲ. ಚಿಕ್ಕತ್ತೆ ಮಾತ್ರ ಒಂದು ದಿನ ನನ್ನನ್ನು ಕರೆದು, "ನಿಮ್ಮತ್ತೆ ಒಳೀಕೋಗಿ ಕದ್ದು ಸಕ್ರೆ ತಿಂತಾರೇನಮ್ಮಿ?" ಎಂದು ಕೇಳಿದರು.

ಬುರ್ರ್ ಎಂಬ ಸದ್ದು ಮಾತ್ರ ಒಂದು ದಿನವೂ ಕೇಳಿಸಲಿಲ್ಲ. "ಅತ್ತೆ, ಡಾಕ್ಟರು ಎಳೆದಾಗ ಸದ್ದಾಯಿತಲ್ಲ" ಎಂದೆ. "ಅವ್ರುದು ಅಳೇದು ಕಣಮ್ಮಿ, ಅದುಕ್ಕೇ ಸದ್ದು. ನಮ್ದು ಒಸ್ದು" ಎಂದರು. ಹೊಲಿಗೆ ಯಂತ್ರದ ಬಗ್ಗೆ ಹೇಳಿದ್ದರೆ ಒಪ್ಪಬಹುದಾದ ಮಾತು. ನಾನು ಇದನ್ನೂ ಒಪ್ಪಿಕೊಂಡೆ. ಪಿಯುಸಿ ಓದಿದ್ದೇನೆ ಎಂದು ಬೀಗುತ್ತಿದ್ದವಳು!

ದೀಪಾವಳಿ ಕಳೆದ ಮೇಲೆ ಊರ ಪಕ್ಕದ ಗದ್ದೆಯಲ್ಲಿ ಕಬ್ಬು ಕಡಿದು ಗರಿಗೆ ಬೆಂಕಿ ಹಾಕಿದರು. ಗಾಳಿ ನಮ್ಮ ಬೀದಿಗೇ ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಅತ್ತೆ ಜಗುಲಿಯ ಮೇಲೆ ಮಂಡಿಗೆ ಕೈ ಊರಿ ಕೂತಿದ್ದರು. ತುಟಿ ಕಪ್ಪಿಟ್ಟಿತ್ತು. ಮಾವ ಗಾಡಿ ಕಟ್ಟಿಸುವಷ್ಟರಲ್ಲಿ ಬಸ್ಸೇ ಬಂತು. ಬಸ್ಸಿನಲ್ಲಿ ನಾನು ಅವರ ಬೆನ್ನು ನೀವುತ್ತಿದ್ದೆ. ಬೆನ್ನೆಲುಬು ಕೈಗೆ ಸಿಕ್ಕಿದಾಗ, ಈ ಗಟ್ಟಿ ಹೆಂಗಸು ಇಷ್ಟು ಸಣ್ಣವರೇ ಎಂದು ಗಾಬರಿಯಾಯಿತು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಇಂಜೆಕ್ಷನ್ ಆಗಿ, ಉಸಿರು ಹಿಂತಿರುಗಿ ಬಂದ ಮೇಲೆ ಅತ್ತೆಯ ಬಾಯೂ ಹಿಂತಿರುಗಿ ಬಂತು. ಸೆರಗಿನ ಗಂಟು ಬಿಚ್ಚಿ, ಹೊರಡುವಾಗ ಗೂಡಿನಿಂದ ತಂದಿದ್ದ ಕೊಳವೆಯನ್ನು ಮೇಜಿನ ಮೇಲಿಟ್ಟು, "ತಕಳಪ್ಪ ನಿನ್ ಪೀಪಿ. ಬದ್ನೆಕಾಯ್ ಬುಟ್ಟೆ, ಮೊಸ್ರು ಬುಟ್ಟೆ. ಏನೂ ಆಗ್ನಿಲ್ಲ" ಎಂದರು. ಡಾಕ್ಟರು ಕೊಳವೆಯನ್ನು ತಿರುಗಿಸಿ ನೋಡಿದರು. ಈ ಸಲ ಬಿಡಲಿಲ್ಲ. ಬಾಗಿಲು ಹಾಕಿಸಿ, ಒಂದು ಗುಳಿಗೆ ಸಿಕ್ಕಿಸಿ ಕೈಗೆ ಕೊಟ್ಟು, "ಮನೆಯಲ್ಲಿ ಹೇಗೆ ತಗೋತೀರೋ ಹಾಗೇ ತೋರಿಸಿ" ಎಂದರು.

ಅತ್ತೆ ಸೆರಗು ಸಿಕ್ಕಿಸಿಕೊಂಡರು. ತಲೆಯನ್ನು ಹಿಂದಕ್ಕೆ ಬಾಗಿಸಿದರು. ಬಾಯಿ ಅಗಲಿಸಿದರು. ಚೊಂಬಿನ ನೀರನ್ನು ಎತ್ತಿ ಕುಡಿಯುವ ಹಾಗೆ ಕೊಳವೆಯನ್ನು ಮುಖದ ಮೇಲೆ ಗೇಣುದ್ದ ಎತ್ತರದಲ್ಲಿ ಹಿಡಿದು, ಕಣ್ಣು ಮುಚ್ಚಿ, ಸೊರ್ ಎಂದು ಗಾಳಿ ಎಳೆದರು. ಪಂಕ ಅಲುಗಲಿಲ್ಲ. ಕೊಳವೆಯಿಂದ ಚೂರು ಬಿಳಿ ಪುಡಿ ಉದುರಿ ಕೆನ್ನೆಯ ಮೇಲೆ ಕೂತಿತು. ನನ್ನ ಅಮ್ಮನ ವಿಭೂತಿಯ ಗುಟ್ಟು ನನಗೆ ಆಗ ತಿಳಿಯಿತು. ಮೂಲೆಯಲ್ಲಿದ್ದ ಕಾಂಪೌಂಡರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಭುಜ ಕುಣಿಸತೊಡಗಿದರು.

"ಅಮ್ಮಾ, ತುಟಿಯಲ್ಲಿ ಬಿಗಿಯಾಗಿ ಕಚ್ಚಿಕೊಳ್ಳಬೇಕು" ಎಂದರು ಡಾಕ್ಟರು.

"ಎಂಜ್ಲಾಯ್ತದಲ್ಲಪ್ಪ."

"ನೀವೊಬ್ಬರೇ ಉಪಯೋಗಿಸೋದು. ನಿಮ್ಮ ಎಂಜಲು ನಿಮಗೆ ತಾನೆ?"

"ನಂಗೇನೋ ಸರಿ. ದ್ಯಾವ್ರಿಗೆ?"

ಡಾಕ್ಟರು ನನ್ನ ಕಡೆ ನೋಡಿದರು. ಕೊಳವೆ ಇರುವುದು ದೇವರ ಗೂಡಿನಲ್ಲಿ, ಎಂಜಲು ಮಾಡಿದ್ದನ್ನು ಗೂಡಿಗೆ ಹಿಂತಿರುಗಿಸುವಂತಿಲ್ಲ ಎಂದು ನಾನು ವಿವರಿಸಿದೆ. ಅವರು ಎಷ್ಟೋ ದಪ್ಪ ಪುಸ್ತಕಗಳನ್ನು ಓದಿ ಬಂದಿರಬೇಕು, ಆದರೆ ಈ ತೊಡಕು ಯಾವುದರಲ್ಲೂ ಇದ್ದಂತೆ ಕಾಣಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತರು. ಅಷ್ಟು ದಿನವೂ ಅತ್ತೆ ಪಾಪ ಒಂದು ಹೊತ್ತೂ ತಪ್ಪಿಸದೆ ಗಾಳಿಯನ್ನು ಎಳೆದುಕೊಂಡಿದ್ದರು, ಔಷಧಿ ನಮ್ಮ ದೇವರ ಮನೆಯ ನೆಲಕ್ಕೆ ಹೋಗಿತ್ತು. ನಮ್ಮ ಮನೆಯ ಜಿರಲೆಗಳಿಗೆ ಆ ವರ್ಷ ಗೂರಲು ಬಂದಿರಲಾರದು.

ದಾರಿ ತೋರಿಸಿದವರು ಮಾವ. ಹಿಂತಿರುಗುವ ಬಸ್ಸಿನಲ್ಲಿ, ಕೆರಗೋಡು ಕಾಣುವಾಗ ಹೇಳಿದರು, "ನಿನ್ ಎಲೆಅಡ್ಕೆ ಚೀಲ ಸೊಂಟದಾಗೆ ಅದಲ್ಲ. ಅದ್ರೊಳೀಕೆ ಮಡೀಕೊ. ಅದ್ಯಾವ ದ್ಯಾವ್ರ ಗೂಡು." ಅತ್ತೆ ಚೀಲವನ್ನು ಮುಟ್ಟಿ ನೋಡಿಕೊಂಡರು. ಸುಣ್ಣದ ಡಬ್ಬಿ, ಕಡಿದು ಉಳಿಸಿದ ಅಡಿಕೆ ಹೋಳು, ಹೊಗೆಸೊಪ್ಪಿನ ತುಂಡು, ಎಲ್ಲ ಎಂಜಲು ಕೈಯಲ್ಲೇ ತೆಗೆಯುವ ಸಾಮಾನು. ಬಸ್ಸಿಳಿಯುವಾಗ ಕೊಳವೆಯೂ ಅದರೊಳಗೆ ಸೇರಿತ್ತು. ಹೊಗೆಸೊಪ್ಪನ್ನು ಮಾತ್ರ ಡಾಕ್ಟರು ಬಿಡಲು ಹೇಳಿದ್ದರು. ಅದು ತಮಗೆ ಕೇಳಿಸಲೇ ಇಲ್ಲ ಎಂದು ಅತ್ತೆ ಕಡೆಯ ತನಕ ವಾದಿಸಿದರು. ಕೊಳವೆಯನ್ನು ಸುಣ್ಣದಿಂದ ಕಾಪಾಡಲು ನಾನೊಂದು ಬಟ್ಟೆಯ ಒರೆ ಹೊಲಿದುಕೊಟ್ಟೆ.

ಅವತ್ತು ಸಂಜೆ ನಮ್ಮ ಮನೆಯಲ್ಲಿ ಮೊದಲ ಸಲ ಬುರ್ರ್ ಎಂದಿತು. ಅತ್ತೆಗೆ ಎಷ್ಟು ಆಶ್ಚರ್ಯವಾಯಿತೆಂದರೆ ಕೊಳವೆಯನ್ನು ಬಾಯಿಂದ ತೆಗೆದು ಅದರೊಳಗೆ ಇಣುಕಿ ನೋಡಿದರು. ಆಮೇಲೆ ಬಿಟ್ಟವರೇ ಅಲ್ಲ. ಹಾಲು ಕರೆಯುವ ಮುಂಚೆ ಬುರ್ರ್, ಊಟಕ್ಕೆ ಮುಂಚೆ ಬುರ್ರ್. ಬೀದಿಯ ಹೆಂಗಸರು ಬಂದು ಕೂತರೆ ಮಾತಿನ ನಡುವೆ ಅವರ ಮುಂದೆಯೇ ತೆಗೆದು, "ಇರವ್ವ, ಬಂದೆ" ಎಂದು ಬುರ್ರ್ ಅನ್ನಿಸಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದ ಎತ್ತಿಕೊಳ್ಳುವರು. ಬೀಡಿ ಸೇದಿದ ಹಾಗಿರುತ್ತದೆ ಎಂದು ನಾಚಿಕೊಂಡಿದ್ದವರು ಇವರೇನಾ ಎನ್ನಿಸುತ್ತಿತ್ತು. ಮಾವ ಅದಕ್ಕೆ ಅತ್ತೆಯ ದುಂಬಿ ಎಂದು ಹೆಸರಿಟ್ಟರು. ದುಂಬಿ ಮಾತಾಡದ ಹೊತ್ತು ಬಂದರೆ, "ದುಂಬಿ ಕೂಗ್ನಿಲ್ಲ ಕಣಮ್ಮಿ, ಓಗ್ ನೋಡು" ಎಂದು ನನ್ನನ್ನು ಕಳಿಸುತ್ತಿದ್ದರು.

ಆದರೆ ಒಳ್ಳೆಯ ದಿನಗಳನ್ನು ನಾವು ದೇವರ ಮನೆಯ ನೆಲಕ್ಕೆ ಸುರಿದು ಮುಗಿಸಿದ್ದೆವು. ಔಷಧಿ ಎದೆಗೆ ಹಿಡಿಯಲು ವಾರಗಳು ಬೇಕು ಎಂದು ಡಾಕ್ಟರು ಹೇಳಿದ್ದರು, ಸುಗ್ಗಿ ಹತ್ತಿರ ಬಂದಿತ್ತು. ತೂರುವಾಗ ಮನೆಯಲ್ಲೇ ಇರಿ, ಧೂಳು ಅಡಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೋಗಿ, ಅಷ್ಟರ ಮೇಲೆ ನೋಡೋಣ ಎಂದಿದ್ದರು. ಡಾಕ್ಟರ ಬಾಯಲ್ಲಿ "ನೋಡೋಣ" ಎಂಬ ಮಾತು ಬಂದರೆ ಕೇಳಿದವರಿಗೆ ನಿದ್ದೆ ಬರುವುದಿಲ್ಲ. ನನಗಂತೂ ಬರಲಿಲ್ಲ. ಮತ್ತೆ ಕಣದಲ್ಲಿ ಕೆಮ್ಮಿಬಿಟ್ಟರೆ? ಕೊಳಗ ಮತ್ತೆ ಉರುಳಿದರೆ? ಆಮೇಲೆ ಅತ್ತೆ ಕಿಟಕಿ ಹಾಕಿಕೊಂಡು ಕೂರುವುದು ಸುಗ್ಗಿಗೆ ಮಾತ್ರವಲ್ಲ, ವರ್ಷಪೂರ್ತಿ ಎಂದು ನನಗೆ ಗೊತ್ತಿತ್ತು. "ಹಟ ಯಾಕೆ ಅತ್ತೆ? ಚಿಕ್ಕತ್ತೆಯೇ ಅಳೆಯಲಿ ಬಿಡಿ, ಭತ್ತ ಏನು ಕಡಿಮೆಯಾಗುತ್ತಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ನನ್ನನ್ನೇ ದಿಟ್ಟಿಸಿ, "ನಮ್ಮತ್ತೆ ನನ್ ಕೈಗೆ ಕೊಳಗ ಕೊಟ್ಟಾಗ ನಂಗೆ ನಿನ್ನಷ್ಟೇ ವಯಸ್ಸು. ನಿಂಗೆ ಏಳುದ್ರೆ ತಿಳಿಯಾಕಿಲ್ಲ, ಓಗು, ಮುದ್ದೆಗೆ ಎಸ್ರಿಡು" ಎಂದರು. ಎಸರಿಟ್ಟೆ. ಮುದುಕಿಯ ಜಂಬ, ಇನ್ನೇನು ಎಂದುಕೊಂಡೆ.

ಒಕ್ಕಣೆಯ ದಿನ ಬಂತು. ಕಣದಲ್ಲಿ ಎತ್ತುಗಳು ಒಕ್ಕುವ ಕಲ್ಲುಗುಂಡು ಎಳೆದು ಸುತ್ತಿದವು. ಮಧ್ಯಾಹ್ನ ಗಾಳಿಗೆ ತೂರಿದರು. ಅತ್ತೆ ಮನೆಯೊಳಗೇ ಇದ್ದರು, ಆದರೆ ಈ ಸಲ ಕತ್ತಲಲ್ಲಿ ಕೂತಿರಲಿಲ್ಲ. ಧೂಳು ಅಡಗುತ್ತಿದ್ದ ಹಾಗೆ ತಲೆಗೆ ನೀರು ಹಾಕಿಕೊಂಡು, ಮದುವೆಯಲ್ಲಿ ನಮ್ಮ ತಂದೆ ಕೊಟ್ಟ ಹಸಿರು ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟು ನನ್ನನ್ನು ಕರೆದರು. "ನೀನೂ ಬಾ." ಬಾಗಿಲಲ್ಲಿ ನಿಂತು ಚೀಲ ಬಿಚ್ಚಿ ಬುರ್ರ್ ಅನ್ನಿಸಿದರು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, "ನಾನೇನ್ ಕಳ್ಳೀನಾ, ಮೊಕ ಮುಚ್ಕಂಡೋಗಾಕೆ" ಎಂದು ನಡೆದೇಬಿಟ್ಟರು.

ಕಣದಲ್ಲಿ ಎಲ್ಲರೂ ಬರಿಗಾಲಲ್ಲಿ ನಿಂತಿದ್ದರು. ರಾಶಿಯ ಸುತ್ತ ಬೂದಿಯ ಗೆರೆ, ನೆತ್ತಿಯ ಮೇಲೆ ಸಗಣಿಯ ಬೆನಕ, ಬೆನಕನ ತಲೆಗೆ ಹುಚ್ಚೆಳ್ಳಿನ ಹೂವು. ಚಿಕ್ಕತ್ತೆ ಆಗಲೇ ಕೊಳಗ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಮಳವಳ್ಳಿಯ ಸೊಸೆ. ಅತ್ತೆ ಬಂದದ್ದು ಕಂಡು ಚಿಕ್ಕತ್ತೆ ಒಂದು ಗಳಿಗೆ ತಡೆದರು. ಆಮೇಲೆ ತಾವೇ ಎರಡು ಹೆಜ್ಜೆ ಮುಂದೆ ಬಂದು ಕೊಳಗವನ್ನು ಅತ್ತೆಯ ಕೈಗೆ ಕೊಟ್ಟು ಹಿಂದೆ ಸರಿದರು. ಆ ಹೆಂಗಸಿನ ಮೇಲೆ ಅದುವರೆಗೆ ನಾನು ಎಷ್ಟೆಲ್ಲ ಅಂದುಕೊಂಡಿದ್ದೆನೋ ಅಷ್ಟನ್ನೂ ಅಲ್ಲೇ ಬಿಟ್ಟೆ.

ಪೂಜೆ ಮುಗಿಯಿತು. ಯಾರ ಬಾಯಲ್ಲೂ ಮಾತಿಲ್ಲ. ಅತ್ತೆ ಮಂಡಿಯೂರಿ ಭತ್ತವನ್ನು ಕೈಯಲ್ಲಿ ಎಳೆದು ಕೊಳಗ ತುಂಬಿದರು. ಮೇಲೇಳುವಾಗ ಸಣ್ಣ ಧೂಳು ಎದ್ದು ಇಳಿಬಿಸಿಲಲ್ಲಿ ಅವರ ಮುಖದ ಸುತ್ತ ಆಡಿತು. ನಾನು ಅವರ ಎದೆಯನ್ನೇ ನೋಡುತ್ತಿದ್ದೆ. ಏರಿತು, ಇಳಿಯಿತು. ಬೆಕ್ಕಿನ ಮರಿಯ ಸದ್ದಿಲ್ಲ. ಮಾವ ಚೀಲದ ಬಾಯಿ ಹಿಡಿದಿದ್ದರು. ಇನ್ನೇನು ಲಾಭ ಎನ್ನಬೇಕು, ಅತ್ತೆ ಚೀಲದ ಕಡೆ ಹೋಗಲಿಲ್ಲ. ತಿರುಗಿ ನನ್ನ ಹತ್ತಿರ ಬಂದು ತುಂಬಿದ ಕೊಳಗವನ್ನು ನನ್ನ ತೋಳಿನಲ್ಲಿ ಇಟ್ಟರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದಾರೆ. ಕೊಳಗ ಭಾರ. ಅರ್ಥವಾದ ಮೇಲೆ ಚೀಲದ ಹತ್ತಿರ ಹೋದೆ, ಬಾಯಿ ತೆರೆದೆ, ದನಿ ಹೊರಡಲಿಲ್ಲ. ಕಣ್ಣಲ್ಲಿ ನೀರು ತುಂಬಿ ಭತ್ತ, ಚೀಲ, ಮಾವ ಎಲ್ಲ ಕಲಸಿಹೋದವು. ಲಾಭ ಎನ್ನುವುದಿರಲಿ, ಉಸಿರನ್ನೂ ಎಳೆಯಲು ಆಗುತ್ತಿರಲಿಲ್ಲ. ಕಣವೆಲ್ಲ ಕಾಯುತ್ತ ನಿಂತಿತ್ತು.

ಅತ್ತೆ ಮಾತಾಡುವಂತಿಲ್ಲ. ನನ್ನ ಮುಖ ನೋಡಿದರು. ಸೊಂಟದ ಚೀಲವನ್ನು ಬಿಚ್ಚಿ, ಒರೆಯಿಂದ ಕೊಳವೆಯನ್ನು ಎಳೆದು, ನನ್ನ ಬಾಯಿಯ ಹತ್ತಿರಕ್ಕೆ ಹಿಡಿದರು. ಹುಬ್ಬು ಹಾರಿಸಿ, ತಕೋ ಎನ್ನುವ ಹಾಗೆ ತಲೆಯಾಡಿಸಿದರು. ಉಸಿರು ಕಟ್ಟಿದ ಮೇಲೆ ಅದು ಕೆಲಸಕ್ಕೆ ಬಾರದು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಕೆರಗೋಡಿನಲ್ಲೇ ಇರಲಿಲ್ಲ. ಚೊಂಬಿಗೆ ತುಟಿ ತಾಗಿಸದ ಹೆಂಗಸು ತನ್ನ ಎಂಜಲು ಕೊಳವೆಯನ್ನು ಊರವರ ಮುಂದೆ ಸೊಸೆಯ ಬಾಯಿಗೆ ಹಿಡಿದು ನಿಂತಿದ್ದರು. ನನಗೆ ಅಳುವಿನ ಒಳಗೇ ನಗು ಬಂದು ಗಂಟಲು ಬಿಟ್ಟಿತು.

"ಲಾಭ" ಎಂದೆ. ಭತ್ತ ಚೀಲಕ್ಕೆ ಸುರಿಯಿತು. ಗಂಡಸರು ಒಟ್ಟಿಗೆ ಮಾತಾಡತೊಡಗಿದರು.

ಮನೆಯ ಕಡೆ ಬರುವಾಗ ನಾನು ಕೇಳಿದೆ, ಅದೊಂದು ಮಾತು ಆಡಲಿಕ್ಕೆ ತಾನೇ ಇಷ್ಟು ತಿಂಗಳು ಒದ್ದಾಡಿದ್ದು, ಆಡದೆ ನನಗೇಕೆ ಕೊಟ್ಟಿರಿ ಎಂದು. ಅತ್ತೆ ನಿಲ್ಲದೆ ನಡೆಯುತ್ತಲೇ ಹೇಳಿದರು, "ಕಣದ್ ಮೇಲೆ ನಿಂತ್ಕಂಡು ಕೊಟ್ರೇನೇ ಕೊಟ್ಟಂಗೆ. ಕತ್ಲೆ ಮನೇಲಿ ಕುಂತ್ಕಂಡು ಎಂಗಮ್ಮಿ ಕೊಡ್ಲಿ? ಉಸ್ರು ಸಂದಾಗಿರೋವಾಗ್ಲೇ ಕೊಟ್ಬುಡ್ಬೇಕು. ಕಟ್ಕಂಡ್ ಮೇಲೆ ಆಯ್ತದಾ?" ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದರು, "ನಿನ್ ಲಾಬಾನೂ ನಿನ್ ವಡೆ ಇದ್ದಂಗೇ ಇತ್ತು ಬುಡು. ಬರೋ ವರ್ಸ ಜೋರಾಗಿ ಅನ್ನು."

ಮನೆ ಬಾಗಿಲಲ್ಲಿ ಕಾಲು ತೊಳೆದು, ಜಗುಲಿಯ ಮೇಲೆ ಕೂತು, ಕೊಳವೆಯನ್ನು ತೆಗೆದರು. ರಾತ್ರಿಯದು ಬಾಕಿ ಇತ್ತು. ನಾನು ಮುದ್ದೆಗೆ ಎಸರಿಡಲು ಒಳಗೆ ಹೋದೆ.